ಮೂರನೇ ಬೇಸಿನಲ್ಲಿ ಉಸ್ತಾದರ ಕೈ

ಮೂರನೇ ಬೇಸಿನ ಪಕ್ಕದಲ್ಲಿ ಸುಣ್ಣದಿಂದ ಎಳೆದ ಚೌಕದೊಳಗೆ ನಿಂತ ಕೋಚು ಏನು ಬೇಕಾದರೂ ಕೂಗಬಹುದು, ಸೀಟಿ ಹೊಡೆಯಬಹುದು, ಕುಣಿಯಬಹುದು. ಓಟಗಾರನ ಮೈ ಹಿಡಿದು ನಿಲ್ಲಿಸುವ ಹಾಗಿಲ್ಲ, ದಬ್ಬಿ ಓಡಿಸುವ ಹಾಗಿಲ್ಲ. ಹಾಗೆ ಮಾಡಿದರೆ ಓಟಗಾರ ಔಟು. ನಿಯಮ ಇಷ್ಟೇ. ಈ ಒಂದು ನಿಯಮದ ಸಲುವಾಗಿ ನಾನು ಇಳಕಲ್ಲಿನಲ್ಲಿ ಬೈಸಿಕೊಂಡೆ, ಬಾಗಲಕೋಟೆಯಲ್ಲಿ ಮಣ್ಣಹೆಂಟೆಯ ಏಟು ತಿಂದೆ, ಕಡೆಗೆ ನೌಕರಿಯನ್ನೇ ಕಳೆದುಕೊಳ್ಳುವಲ್ಲಿಗೆ ಬಂದು ನಿಂತೆ.

ಎಂಬತ್ತರ ದಶಕದ ನಡುವಿನ ಮಾತು. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಗೆ ಸೇರಿತ್ತು. ನಾನು ಅಲ್ಲಿನ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಹಂಗಾಮಿ ನೌಕರಿ. ಆ ವರ್ಷ ಬೇಸ್‌ಬಾಲ್ ಎಂಬ ಹೊಸ ಆಟದ ಸಾಮಾನು ಸರಕಾರಿ ಕ್ರೀಡಾ ಕಚೇರಿಗೆ ಬಂದಿಳಿಯಿತು. ಬ್ಯಾಟು, ಚೆಂಡು, ಮುಖವಾಡ, ಎರಡು ತಂಡಗಳಿಗೂ ಸಾಲದಷ್ಟು ಚರ್ಮದ ಗವಸು. ಊರೂರಿನ ತಂಡಗಳನ್ನು ಕಟ್ಟಿ ಪಂದ್ಯ ಆಡಿಸಬೇಕು, ಗೆದ್ದ ತಂಡವೇ ಹೆಚ್ಚುಕಡಿಮೆ ಜಿಲ್ಲಾ ತಂಡವಾಗಿ ಮುಂದೆ ಹೋಗಬೇಕು ಎಂದು ಠರಾವಾಯಿತು. ಆಡಿಸುವವರು ಯಾರು? ಧಾರವಾಡದಲ್ಲಿ ದೈಹಿಕ ಶಿಕ್ಷಣ ಓದುವಾಗ ನಾನು ಸಾಫ್ಟ್‌ಬಾಲ್ ಆಡಿದ್ದೆ, ಆಮೇಲೆ ಬೇಸ್‌ಬಾಲ್ ಅಂಪೈರುಗಳ ಶಿಬಿರಕ್ಕೂ ಹೋಗಿಬಂದಿದ್ದೆ. ಸುತ್ತಲಿನ ತಾಲೂಕುಗಳಲ್ಲಿ ಇನ್ನಾರೂ ಸಿಗದೆ ಮುಖ್ಯ ಅಂಪೈರ್ ಕೆಲಸ ನನ್ನ ಕೊರಳಿಗೆ ಬಿತ್ತು. ಗಂಡಸರ ಆಟಕ್ಕೆ ಹೆಣ್ಣುಮಗಳು ತೀರ್ಪು ಕೊಡುವುದೆಂದರೆ ಎಷ್ಟು ಮಂದಿಗೆ ಹೊಟ್ಟೆನೋವು ಬಂದಿತೋ ನನಗೆ ಗೊತ್ತಿಲ್ಲ. ಬಂದವರು ಇಂಗು ನುಂಗಲಿ ಎಂದುಕೊಂಡು ಒಪ್ಪಿಕೊಂಡೆ.

ಮೊದಲು ಹುನಗುಂದದ ಒಂದು ಬಯಲಿನಲ್ಲಿ ತಂಡಗಳ ಕೋಚುಗಳಿಗೆ ತರಬೇತಿ ಇಟ್ಟುಕೊಂಡೆ. ಗೋಣಿಚೀಲಕ್ಕೆ ಉಸುಕು ತುಂಬಿ ಹೊಲಿದು ಬೇಸು ಮಾಡಿದೆವು. ಒಂದನೆಯದು, ಎರಡನೆಯದು, ಮೂರನೆಯದು, ಕೊನೆಗೆ ಹೊರಟ ಜಾಗವಾದ ಹೋಮ್. ಹೊಡೆದವನು ಈ ಮೂರನ್ನೂ ತುಳಿದು ಹೋಮ್‌ಗೆ ಮರಳಿದರೆ ಒಂದು ರನ್ನು. ನಡುವೆ ಬೇಸಿನ ಮೇಲೆ ನಿಂತು ಸಮಯ ಕಾಯಬಹುದು. ಎದುರಾಳಿ ಚೆಂಡು ಹಿಡಿದು ಮುಟ್ಟಿಸಿದರೆ ಔಟು. ಒಂದನೇ ಮತ್ತು ಮೂರನೇ ಬೇಸಿನ ಹೊರಗೆ ಬ್ಯಾಟ್ ಮಾಡುವ ತಂಡದ ಕೋಚು ನಿಂತು, ಓಡು, ನಿಲ್ಲು ಎಂದು ಹೇಳಬಹುದು. ನಾನು ಇಷ್ಟನ್ನು ಬಿಸಿಲಲ್ಲಿ ಓಡಾಡಿ ತೋರಿಸುತ್ತಿದ್ದರೆ ಬಂದವರಲ್ಲಿ ಅರ್ಧ ಮಂದಿ ಬೇವಿನ ಗಿಡದ ನೆರಳಿನಲ್ಲಿ ಎಲೆಯಡಿಕೆ ಹಾಕುತ್ತಿದ್ದರು.

ಇಳಕಲ್ಲಿನಿಂದ ಬಂದಿದ್ದವರು ಒಬ್ಬ ಕುಸ್ತಿ ಉಸ್ತಾದರು. ಅವರ ಗರಡಿಮನೆಯ ಹುಡುಗರೇ ಆ ಊರಿನ ತಂಡ. ಎಲ್ಲರೂ ನೇಕಾರರ ಮಕ್ಕಳು. ನಸುಕಿನಲ್ಲಿ ಸಾಮು, ಆಮೇಲೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ದಿನವಿಡೀ ಸೀರೆ. ಉಸ್ತಾದರಿಗೆ ವಯಸ್ಸಾಗಿತ್ತು, ಆದರೆ ಕುತ್ತಿಗೆ ಇನ್ನೂ ಹೋರಿಯದು. ಕಿವಿಗಳು ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾಗಿದ್ದವು. ಬ್ಯಾಟಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬೇಸಿನಿಂದ ಬೇಸಿಗೆ ಯಾವಾಗ ಜಿಗಿಯಬೇಕು, ಎಸೆಯುವವನ ಭುಜ ಎತ್ತ ತಿರುಗಿದರೆ ಹೊಡೆತಕ್ಕೆ ಕಾಯದೆ ಕದ್ದು ಓಡುವುದು ಸಾಧ್ಯ ಎಂಬುದನ್ನು ಮಾತ್ರ ಒಂದೇ ಸಲಕ್ಕೆ ಹಿಡಿದರು. ಉಳಿದವರಿಗೆ ನಾಲ್ಕು ಸಲ ಹೇಳಿದರೂ ಅದು ತಲೆಗೆ ಹೋಗಿರಲಿಲ್ಲ.

ಕೋಚು ಓಟಗಾರನನ್ನು ಮುಟ್ಟಿ ನೆರವಾಗಬಾರದು ಎಂಬ ನಿಯಮ ಓದಿದಾಗ ಅವರು ನಕ್ಕರು.

"ಅಕ್ಕಾರ, ಬೆನ್ನ ಮ್ಯಾಲ ಉಸ್ತಾದನ ಕೈ ಬೀಳಲಾರದ ಯಾವ ಪೈಲ್ವಾನ ಕಣಕ್ಕ ಇಳದಾನ ಹೇಳ್ರಿ ನೋಡೂಣು?"

"ಇದು ಕುಸ್ತಿ ಕಣ ಅಲ್ರಿ," ಎಂದೆ.

"ಮಣ್ಣ ಐತಿ, ಮಂದಿ ಐತಿ, ಸೋಲೂದು ಗೆಲ್ಲೂದು ಐತಿ. ಕಣಕ್ಕ ಮತ್ತೇನ ಬೇಕ್ರಿ?"

ಉಳಿದವರೆಲ್ಲ ನಕ್ಕರು. ನನಗೆ ಸಿಟ್ಟು ಬಂದು ಅದೇ ನಿಯಮವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆಯ ಕುಸ್ತಿಯಲ್ಲಿ ಉಸ್ತಾದ ಒಂದು ಚಿಟಿಕೆ ಮಣ್ಣನ್ನು ಶಿಷ್ಯನ ಬೆನ್ನಿಗೆ ಸವರಿ ಅಂಗೈಯಿಂದ ಬಲವಾಗಿ ಒಂದು ಬಾರಿಸುತ್ತಾನೆ. ಆ ಪೆಟ್ಟು ಬೀಳುವತನಕ ಎದುರಾಳಿ ಎಷ್ಟು ತೊಡೆ ತಟ್ಟಿದರೂ ಶಿಷ್ಯ ಕಾಲು ಕದಲಿಸುವುದಿಲ್ಲ. ಪೆಟ್ಟು ಬಿದ್ದ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಚಿಕ್ಕಂದಿನಿಂದ ಹೀಗೆ ಬೆಳೆದ ಹುಡುಗರ ಬೆನ್ನನ್ನು ನಾನು ಒಂದು ಹೊತ್ತಿನ ಪಾಠದಿಂದ ಬದಲಿಸಲು ಹೊರಟಿದ್ದೆ.

ಮೊದಲ ಜಗಳ ಇಳಕಲ್ಲಿನಲ್ಲೇ ಆಯಿತು. ಹುನಗುಂದದ ಮೇಲಿನ ಪಂದ್ಯ. ಇಳಕಲ್ಲಿನ ಹುಡುಗನೊಬ್ಬ ಮೂರನೇ ಬೇಸನ್ನು ದಾಟಿ ಓಡುವ ಭರದಲ್ಲಿ ಮುಂದಕ್ಕೆ ಹೋಗಿಬಿಟ್ಟ. ಚೆಂಡು ಬರುತ್ತಿತ್ತು. ಉಸ್ತಾದರು ಅವನ ಸೊಂಟಕ್ಕೆ ಕೈ ಹಾಕಿ, ಎತ್ತಿ, ಬೇಸಿನ ಮೇಲೆ ನಿಲ್ಲಿಸಿದರು. ನೆಲದಿಂದ ಅವನ ಎರಡೂ ಕಾಲು ಮೇಲೆದ್ದದ್ದನ್ನು ಇಡೀ ಮೈದಾನ ನೋಡಿತು. ನಾನು ಔಟ್ ಕೊಟ್ಟೆ.

"ಹುಡುಗ ಬೀಳಾಕ ಹತ್ತಿದ್ದ, ಹಿಡದೆ. ಬೀಳಲಿ ಅಂತ ಬಿಡ್ಲೇನ್ರಿ?" ಎಂದು ಉಸ್ತಾದರು ನನ್ನ ಮೇಲೆಯೇ ಬಂದರು.

"ಬಿಡ್ರಿ. ಬಿದ್ರ ಬೀಳಲಿ."

"ಎಂಥ ಮಾತ ಆಡ್ತೀರಿ. ನಿಮ್ಮ ಸಾಲಿ ಹುಡಿಗ್ಯಾರು ಬಿದ್ರೂ ಹಿಂಗ ನೋಡ್ಕೋತ ನಿಂದರ್ತೀರೇನು?"

"ಆಟದಾಗ ಬಿದ್ರ ಹಿಂಗ ನಿಂದರ್ತೇನಿ. ನೀವು ಬಾಯಿಲೆ ಓಡಿಸ್ರಿ, ಬೇಕಾದ್ರ ಹಾಡ ಹಾಡ್ರಿ. ಕೈ ಮಾತ್ರ ನಿಮ್ಮ ಹತ್ರ ಇಟ್ಕೊಳ್ರಿ."

ಈ ಮಾತು ಮಂದಿಗೆ ಕೇಳಿಸಿತು. ಅಲ್ಲಿಂದ ಮುಂದೆ ಪಂದ್ಯ ಮುಗಿಯುವತನಕ ಶೇಂಗಾ ಸಿಪ್ಪೆ ನನ್ನ ಬೆನ್ನಿಗೆ ಬೀಳುತ್ತಲೇ ಇತ್ತು. ಬೈಗುಳದಲ್ಲಿ ಕೆಲವು ನನಗೆ ಹೊಸವು. ಇಷ್ಟಾಗಿಯೂ ಆ ಪಂದ್ಯವನ್ನು ಇಳಕಲ್ಲಿನವರೇ ಗೆದ್ದರು, ಆದರೆ ಗೆದ್ದ ಖುಷಿಗಿಂತ ನನ್ನ ಮೇಲಿನ ಹಗೆ ದೊಡ್ಡದಾಗಿತ್ತು. ಬಸ್ ನಿಲ್ದಾಣದ ಚಹಾದಂಗಡಿಯವನು ಕಣ್ಣೆದುರೇ ಹಾಲು ಉಕ್ಕುತ್ತಿದ್ದರೂ "ಹಾಲ ತೀರ್ಯಾವ್ರಿ" ಎಂದ. ನನ್ನ ಜೊತೆಯ ಅಂಪೈರು ಖೋಖೋ ಕಲಿಸುವ ಒಬ್ಬ ಹಿರಿಯ ಮಾಸ್ತರರು. ಅವರಿಗೆ ಮಾತ್ರ ಅದೇ ಅಂಗಡಿಯಲ್ಲಿ ಚಹಾ ಸಿಕ್ಕಿತು. ಬಸ್ಸಿನಲ್ಲಿ ಅವರು ಮೆತ್ತಗೆ ಹೇಳಿದರು, "ಬಾಯಾರ, ಅಂಪೈರ್ ಆದವ್ರ ಕಣ್ಣಾಗ ನಡುನಡುವ ಕಸಾ ಬೀಳಬೇಕ್ರಿ. ಎಲ್ಲಾ ನೋಡಿದ್ರ ಬಾಳೇ ಆಗೂದಿಲ್ಲ."

"ನನ್ನ ಕಣ್ಣ ಛಲೋ ಅದಾವ್ರಿ ಮಾಸ್ತರ," ಎಂದು ಕಿಟಕಿಯ ಕಡೆ ತಿರುಗಿದೆ. ಹೊಟ್ಟೆಯಲ್ಲಿ ಚಹಾ ಇಲ್ಲದ ಸಿಟ್ಟೂ ಅದರಲ್ಲಿ ಸೇರಿತ್ತು.

ಉಪಾಂತ್ಯ ಪಂದ್ಯಕ್ಕೆ ಇಳಕಲ್ ತಂಡ ಬಾಗಲಕೋಟೆಗೆ ಬಂತು. ಉಸ್ತಾದರು ಮೈದಾನಕ್ಕೆ ಇಳಿಯುವ ಮೊದಲು ಎರಡೂ ಕೈ ಬೆನ್ನ ಹಿಂದೆ ಇಟ್ಟು, ಮಣಿಕಟ್ಟಿಗೆ ಟವೆಲ್ ಸುತ್ತಿಸಿಕೊಂಡು ನನ್ನ ಮುಂದೆ ಬಂದು ನಿಂತರು.

"ನೋಡ್ರಿ ಅಕ್ಕಾರ, ಕೈದಿ ಆಗೇನಿ. ಸಮಾಧಾನ ಆತೇನು?"

"ಭಾಳ ಸಮಾಧಾನ ಆತ್ರಿ," ಎಂದೆ. ಮಂದಿ ಹೋ ಎಂದು ಕೂಗಿತು. ನನ್ನನ್ನು ಅಣಕಿಸಲು ಮಾಡಿದ್ದು ಅದು, ನನಗೆ ತಿಳಿಯದೆ ಇರಲಿಲ್ಲ. ಆದರೆ ಆ ದಿನ ಒಂದು ವಿಚಿತ್ರ ನೋಡಿದೆ. ಅವರ ಹುಡುಗರು ಮೂರನೇ ಬೇಸಿಗೆ ಬಂದವರು ಅಲ್ಲಿಯೇ ಅಂಟಿಕೊಂಡು ನಿಂತುಬಿಡುತ್ತಿದ್ದರು. ಉಸ್ತಾದರು "ಓಡ್ಲೇ, ಓಡು" ಎಂದು ಗಂಟಲು ಹರಿದುಕೊಂಡರೂ ಒಂದು ಗಳಿಗೆ ತಡ. ಅಷ್ಟರಲ್ಲಿ ಚೆಂಡು ಹೋಮ್ ಸೇರಿರುತ್ತಿತ್ತು. ಸುಲಭವಾಗಿ ಬರಬೇಕಾದ ರನ್ನುಗಳು ಬರಲಿಲ್ಲ. ಹೇಗೋ ಒದ್ದಾಡಿ ಗೆದ್ದರು. ಆಟ ಮುಗಿದ ಮೇಲೆ ಉಸ್ತಾದರು ಟವೆಲ್ಲನ್ನು ನೆಲಕ್ಕೆ ಎಸೆದು ನನ್ನ ಕಡೆ ನೋಡಿದ ನೋಟದಲ್ಲಿ ಅಣಕು ಇರಲಿಲ್ಲ, ಶುದ್ಧ ದ್ವೇಷ ಇತ್ತು.

ಫೈನಲ್ಲಿನ ಎರಡು ದಿನ ಮೊದಲು ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆಸಿದರು. ಅವರು ಬಟ್ಟೆ ವ್ಯಾಪಾರಿ. ಮೂಲ ಇಳಕಲ್, ಅಂಗಡಿ ಬಾಗಲಕೋಟೆಯಲ್ಲಿ. ಪಂದ್ಯಾವಳಿಯ ಬೆಳ್ಳಿ ಕಪ್ ಅವರು ಕೊಟ್ಟದ್ದು, ಇಳಕಲ್ ತಂಡದ ಬನಿಯನ್, ಚಡ್ಡಿಗಳೂ ಅವರ ಅಂಗಡಿಯವೇ.

"ಬಾಯಾರ, ಮುಂದಿನ ಸಭಾದಾಗ ನಿಮ್ಮನ್ನ ಕಾಯಂ ಮಾಡೂ ವಿಷಯ ಐತಿ. ನಿಮಗ ಗೊತ್ತೈತಿ."

"ಗೊತ್ತೈತ್ರಿ ಸಾವಕಾರ್ರ."

"ಮಂದಿ ನಿಮ್ಮ ಮ್ಯಾಲ ಭಾಳ ಮಾತಾಡಾಕ ಹತ್ಯಾರ. ಆಟ ಆಟದಂಗ ಇರಲಿ. ತಿಳೀತಲ್ಲೋ?"

ತಿಳಿಯದೆ ಏನು. ಆ ಕಾಯಂ ಎಂಬ ಮಾತಿನ ಮೇಲೆ ನನ್ನ ಬದುಕು ನಿಂತಿತ್ತು. ಊರಲ್ಲಿ, ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ, ಅಪ್ಪ ನನಗೆ ಒಂದೇ ಕರಾರು ಹಾಕಿದ್ದ. ನೌಕರಿ ಕಾಯಂ ಆದರೆ ಬಾಗಲಕೋಟೆಯಲ್ಲೇ ಇರು, ನಿನ್ನ ಮನಸ್ಸಿಗೆ ಬಂದಾಗ ಮದುವೆ. ಆಗಲಿಲ್ಲವೆಂದರೆ ಬೇಸಿಗೆಯಲ್ಲಿ ಮನೆಗೆ ಬಾ, ಕೆರೂರಿನ ಗಂಡು ಕಾಯುತ್ತಿದ್ದಾನೆ. ಕೆರೂರಿನ ಗಂಡನ್ನು ನಾನು ಒಮ್ಮೆ ನೋಡಿದ್ದೆ. ಹೆಂಡತಿ ಹೊರಗೆ ಓಡಾಡಿ ದುಡಿಯುವುದು ತನಗೆ ಸೇರುವುದಿಲ್ಲ ಎಂದು ಚಹಾ ಕುಡಿಯುತ್ತಲೇ ಹೇಳಿದ್ದ. ಆ ಕರಾರನ್ನು ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಉಸ್ತಾದರ ಕೂಗಿಗೆ ಹೆದರದವಳು ಆ ಒಂದಕ್ಕೆ ಹೆದರುತ್ತಿದ್ದೆ.

ಫೈನಲ್ ಇಳಕಲ್ಲಿಗೂ ಬಾದಾಮಿಗೂ. ಬಾಗಲಕೋಟೆಯ ಎರೆಮಣ್ಣಿನ ಮೈದಾನ, ಬಿರುಕುಗಳಿಗೆ ಹಿಂದಿನ ದಿನ ಮರಳು ತುಂಬಿಸಿದ್ದೆ. ಸುಣ್ಣದ ಗೆರೆಗಳನ್ನು ನಾನೇ ಹಗ್ಗ ಹಿಡಿದು ಹಾಕಿದೆ. ಕೋಚಿನ ಚೌಕವನ್ನು ಬೇಸಿನಿಂದ ಎಷ್ಟು ದೂರ ಇರಬೇಕೋ ಅಷ್ಟಕ್ಕೇ ಇಟ್ಟೆ, ಒಂದು ಗೇಣೂ ಹತ್ತಿರ ಬಿಡಲಿಲ್ಲ. ಪೆಂಡಾಲಿನಲ್ಲಿ ಅಧ್ಯಕ್ಷರು, ಅವರ ಪಕ್ಕದಲ್ಲಿ ಕ್ರೀಡಾ ಕಚೇರಿಯ ಅಧಿಕಾರಿ. ಇಳಕಲ್ಲಿನಿಂದ ಲಾರಿ ತುಂಬ ಮಂದಿ ಬಂದಿದ್ದರು. ಬಾದಾಮಿಯವರೂ ಕಡಿಮೆ ಇರಲಿಲ್ಲ. ಅವರ ತಕರಾರು ಇನ್ನೊಂದು. ನಾನು ಬಾದಾಮಿ ತಾಲೂಕಿನವಳಾದದ್ದರಿಂದ ಊರಿನವರ ಪರ ಎಂಬ ಕಳಂಕ ಬರಬಾರದೆಂದು ಬೇಕಂತಲೇ ತಮ್ಮ ಮೇಲೆ ಬಿಗಿ ಮಾಡುತ್ತೇನಂತೆ. ಎರಡೂ ಕಡೆಯವರಿಗೂ ಬೇಡವಾದವಳು ನಾನೊಬ್ಬಳೇ.

ಪಂದ್ಯ ಶುರುವಾಗುವ ಮೊದಲು ಎರಡೂ ತಂಡಗಳ ಕೋಚುಗಳನ್ನು ಕರೆದು ಎಲ್ಲ ನಿಯಮ ಹೇಳಿದೆ. ಉಸ್ತಾದರು ನನ್ನ ತಲೆಯ ಮೇಲಿಂದ ಆಚೆ ನೋಡುತ್ತ ನಿಂತಿದ್ದರು. ಈ ಸಲ ಕೈಗೆ ಟವೆಲ್ ಇರಲಿಲ್ಲ.

ಆಟ ಚೆನ್ನಾಗಿ ಆಯಿತು. ಅದನ್ನು ಹೇಳಲೇಬೇಕು. ಒಬ್ಬರು ಒಂದು ರನ್ನು ತೆಗೆದರೆ ಇನ್ನೊಬ್ಬರು ಅದನ್ನು ಮುಟ್ಟುತ್ತಿದ್ದರು. ಕೊನೆಯ ಸರದಿ ಬಂದಾಗ ಎರಡೂ ತಂಡ ಸಮ ಸಮ. ಬಾದಾಮಿಯವರ ಸರದಿ ಮುಗಿದು ಇಳಕಲ್ಲಿನವರು ಬ್ಯಾಟ್ ಮಾಡುತ್ತಿದ್ದರು, ಒಬ್ಬ ಔಟಾಗಿದ್ದ. ಮೂರು ಔಟಾದರೆ ಸರದಿ ಮುಗಿಯುತ್ತದೆ. ಮೂರನೇ ಬೇಸಿನ ಮೇಲೆ ಅವರ ಅತ್ಯಂತ ಚುರುಕಿನ ಓಟಗಾರ, ಸಣ್ಣ ಮೈಯ ಹುಡುಗ. ಅವನು ಹೋಮ್ ಮುಟ್ಟಿದರೆ ಇಳಕಲ್ ಗೆದ್ದ ಹಾಗೆ.

ಬ್ಯಾಟ್ ಮಾಡುತ್ತಿದ್ದವನು ಚೆಂಡನ್ನು ಎಡಭಾಗಕ್ಕೆ ಆಕಾಶದೆತ್ತರ ಹೊಡೆದ. ಇಂಥ ಹೊಡೆತದಲ್ಲಿ ಓಟಗಾರನಿಗೆ ಒಂದು ಕಟ್ಟಳೆ ಇದೆ. ಫೀಲ್ಡರು ಚೆಂಡನ್ನು ನೇರವಾಗಿ ಹಿಡಿದರೆ ಹೊಡೆದವನು ಔಟು, ಹಿಡಿಯುವತನಕ ಓಟಗಾರನ ಕಾಲು ಬೇಸಿನ ಮೇಲೆಯೇ ಇರಬೇಕು. ಹಿಡಿದ ಮರುಕ್ಷಣ ಓಡಬಹುದು. ಮುಂಚೆ ಬಿಟ್ಟರೆ ಔಟು. ಹಾಗಾಗಿ ಅಂಪೈರಿಗೆ ಹಿಡಿತವೂ ಕಾಣಬೇಕು, ಪಾದವೂ ಕಾಣಬೇಕು. ಎರಡು ಕಡೆ ಕತ್ತು ತಿರುಗಿಸುತ್ತ ನಿಂತರೆ ಎರಡೂ ತಪ್ಪುತ್ತವೆ. ನಾನು ಮುಖವಾಡ ಕಿತ್ತು ಹೋಮ್‌ನಿಂದ ಹೊರಗೆ ಓಡಿ, ಮೂರನೇ ಬೇಸು ಮತ್ತು ಆಚೆಯ ಫೀಲ್ಡರು ಒಂದೇ ನೇರದಲ್ಲಿ ಬರುವ ಜಾಗದಲ್ಲಿ ನಿಂತೆ. ಶಿಬಿರದಲ್ಲಿ ಕಲಿತ ಪಾಠ ಅದು.

ಓಟಗಾರ ಚೆಂಡನ್ನು ನೋಡುತ್ತಿರಲಿಲ್ಲ. ಬೆನ್ನು ಬಾಗಿಸಿ, ಹೋಮ್ ಕಡೆಗೆ ಕಣ್ಣು ನೆಟ್ಟು, ಕಾದು ನಿಂತಿದ್ದ. ಉಸ್ತಾದರು ಚೌಕ ಬಿಟ್ಟು ಅವನ ಹಿಂದೆ ಬಂದಿದ್ದರು. ಅವರ ಕಣ್ಣು ಚೆಂಡಿನ ಮೇಲೆ. ಚೆಂಡು ಗವಸಿಗೆ ಬಿತ್ತು. ಅದೇ ಗಳಿಗೆಗೆ ಉಸ್ತಾದರ ಅಂಗೈ ಹುಡುಗನ ಬೆನ್ನಿಗೆ ಬಿತ್ತು. ಆ ಸದ್ದು ನನಗೆ ಕೇಳಿಸಿತು. ಹುಡುಗ ಮುಂದಕ್ಕೆ ಚಿಮ್ಮಿದ.

ನಾನು ಆಗಲೇ ಕೈ ಎತ್ತಿದ್ದೆ. ಹುಡುಗ ಜಾರಿಕೊಂಡು ಹೋಮ್ ಮುಟ್ಟಿದ, ಚೆಂಡು ಆಮೇಲೆ ಬಂತು. ಇಳಕಲ್ಲಿನ ಮಂದಿ ಒಳಗೆ ನುಗ್ಗಿ ಅವನನ್ನು ಹೆಗಲಿಗೆ ಎತ್ತಿಕೊಂಡಾಗಿತ್ತು. ಆ ಗದ್ದಲದ ನಡುವೆ ನಾನು ಮೂರನೇ ಬೇಸಿನ ಕಡೆ ಬೆರಳು ಮಾಡಿ, ಕೋಚು ಮುಟ್ಟಿ ಓಡಿಸಿದ್ದಕ್ಕೆ ಓಟಗಾರ ಔಟ್, ಇದು ಮೂರನೇ ಔಟು, ರನ್ನಿಲ್ಲ, ಆಟ ಇನ್ನೂ ಸಮ, ಮುಂದಿನ ಸರದಿ ಆಡಬೇಕು ಎಂದು ಹೇಳಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆಂಟೆಗಳು ಬಂದವು. ಒಂದು ನನ್ನ ಕಿವಿಯ ಮೇಲೆ ಒಡೆಯಿತು. ಉಸ್ತಾದರು ಬಂದು ನನ್ನ ಮುಖದ ಹತ್ತಿರ ಮುಖ ತಂದು, "ನಿಮಗ ನನ್ನ ಮ್ಯಾಲ ಯಾವ ಜನ್ಮದ ಹಗಿ ಐತ್ರಿ?" ಎಂದು ಕೇಳಿದರು. ಆ ಮಾತಿನಲ್ಲಿ ನಿಜವಾದ ಸಂಕಟ ಇತ್ತು. ನಾನು ಕೈ ಕಟ್ಟಿಕೊಂಡು ನಿಂತೆ. ಖೋಖೋ ಮಾಸ್ತರರ ಕಡೆ ನೋಡಿದೆ.

"ನಾ ಒಂದನೇ ಬೇಸ್ ಕಡಿ ನೋಡಾಕ ಹತ್ತಿದ್ನಿ ಬಾಯಾರ," ಎಂದು ಅವರು ಹಿಂದೆ ಸರಿದರು. ಅವರ ಕಣ್ಣಿಗೆ ಸರಿಯಾದ ಹೊತ್ತಿಗೆ ಕಸ ಬಿದ್ದಿತ್ತು.

ಇಳಕಲ್ಲಿನವರು ಮುಂದೆ ಆಡಲು ಒಪ್ಪದೆ ಮೈದಾನ ಬಿಟ್ಟು ಹೋದರು. ನನ್ನ ತೀರ್ಪು ಸರಿ ಎಂದಾದರೆ ಆಟ ಬಿಟ್ಟು ಹೋದ ಕಾರಣಕ್ಕೆ ಕಪ್ ಬಾದಾಮಿಗೆ. ತಪ್ಪು ಎಂದಾದರೆ ಆ ರನ್ನು ಉಳಿದು ಕಪ್ ಇಳಕಲ್ಲಿಗೆ. ಅಧ್ಯಕ್ಷರು ಕಪ್ ಯಾರಿಗೂ ಕೊಡದೆ, ಶನಿವಾರ ವಿಚಾರಣೆ ಎಂದು ಸಾರಿದರು. ನನ್ನನ್ನು ಪೆಂಡಾಲಿನ ಹಿಂದೆ ಕರೆದು, "ವಿಚಾರಣಿ ಮುಗಿಯೂತನಕ ಸಾಲಿಗೆ ಬರಬ್ಯಾಡ್ರಿ," ಎಂದರು. "ಆಟದಾಗ ಸರಿ ತಪ್ಪು ತಿಳೀಲಾರದಾವ್ರ ಕೈಯಾಗ ನಮ್ಮ ಹುಡಿಗ್ಯಾರ್ನ ಹೆಂಗ ಕೊಡೂದು? ಸಭಾದಾಗ ಮಂದಿ ಕೇಳ್ತಾರ."

ಶನಿವಾರದವರೆಗೆ ಕೋಣೆಯಲ್ಲೇ ಕುಳಿತೆ. ಕಿವಿ ಬಾತಿತ್ತು. ಊರಿಗೆ ಹೋಗಲಿಲ್ಲ, ಹೋದರೆ ಅಪ್ಪ ಕೇಳುತ್ತಾನೆ. ನಿಜ ಹೇಳಬೇಕೆಂದರೆ ಬಾಗಬೇಕೆಂದು ನನಗೂ ಅನ್ನಿಸಿತು. ನಿಯಮದಲ್ಲಿಯೇ ಒಂದು ಕಿಂಡಿ ಇದೆ. ಮುಟ್ಟಿದ ಮಾತ್ರಕ್ಕೆ ಔಟಲ್ಲ, ಮುಟ್ಟಿ ನೆರವಾದರೆ ಔಟು, ನೆರವಾಯಿತೋ ಇಲ್ಲವೋ ಎಂಬುದು ಅಂಪೈರಿನ ನಿರ್ಣಯ. ರನ್ನು ತೆಗೆದವನ ಬೆನ್ನು ಚಪ್ಪರಿಸಿದರೆ ಯಾರೂ ಔಟ್ ಕೊಡುವುದಿಲ್ಲ. "ಕೈ ತಾಗಿತು, ಆದರೆ ನೆರವಾಗಲಿಲ್ಲ" ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಯಾರೂ ಅದನ್ನು ಸುಳ್ಳೆಂದು ತೋರಿಸಲಾರರು. ನೌಕರಿ ಉಳಿಯುತ್ತದೆ, ಕೆರೂರಿನವನು ಬೇರೆ ಹೆಣ್ಣು ನೋಡಿಕೊಳ್ಳುತ್ತಾನೆ. ಆ ಮಾತನ್ನು ಕನ್ನಡಿಯ ಮುಂದೆ ನಿಂತು ಒಮ್ಮೆ ಆಡಿಯೂ ನೋಡಿದೆ. ನಾಲಿಗೆಗೆ ಅದು ಒಗ್ಗಲಿಲ್ಲ. ನಾನು ಆ ಪೆಟ್ಟಿನ ಸದ್ದು ಕೇಳಿದ್ದೆ.

ವಿಚಾರಣೆ ನಮ್ಮ ಶಾಲೆಯ ಆಫೀಸಿನಲ್ಲೇ. ಮೇಜಿನ ಆಚೆ ಅಧ್ಯಕ್ಷರು, ಕ್ರೀಡಾ ಅಧಿಕಾರಿ, ಇಬ್ಬರ ನಡುವೆ ಪಂಚರ ಹಾಗೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಗೋಡೆಗೆ ಒತ್ತಿ ಉಸ್ತಾದರ ಶಿಷ್ಯರು ನಿಂತಿದ್ದರು, ಆ ಓಟಗಾರ ಹುಡುಗನೂ ಇದ್ದ. ನನಗೆ ಕುರ್ಚಿ ಹಾಕಿರಲಿಲ್ಲ. ನಾನೇ ಮೂಲೆಯಿಂದ ಒಂದನ್ನು ಎಳೆದುಕೊಂಡು ಕುಳಿತೆ.

ಹೆಡ್‌ಮಾಸ್ತರರು ಕೇಳಿದರು, "ಬಾಯಾರ, ಕೈ ತಾಗಿದ್ದು ಖರೆ. ಆದ್ರ ಅದು ಆಶೀರ್ವಾದ ಆಗಿರಬಹುದಲ್ಲ?"

"ಆಶೀರ್ವಾದ ತಲಿ ಮ್ಯಾಲ ಮಾಡ್ತಾರ್ರಿ. ಅದು ಬೆನ್ನಿಗೆ ಬಿದ್ದ ಮ್ಯಾಲೇ ಹುಡುಗ ಓಡಿದ. ದಬ್ಬಿದ ಜೋರೂ ಇತ್ತು. ಅದು ನನ್ನ ನಿರ್ಣಯ, ಇವತ್ತೂ ಅದ."

ಅಧ್ಯಕ್ಷರ ಮುಖ ಬಿಗಿಯಿತು. ಉಸ್ತಾದರಿಗೆ ಮಾತಾಡಲು ಹೇಳಿದರು. ಅವರು ಎದ್ದು ನಿಂತು ನನ್ನ ಮೇಲಿನ ಸಿಟ್ಟನ್ನೆಲ್ಲ ಕಾರಿಕೊಂಡರು. ನಾನು ಅವರ ಊರಿಗೆ ಮರ್ಯಾದೆ ಕೊಡುವುದಿಲ್ಲ, ದೊಡ್ಡವರನ್ನು ದೊಡ್ಡವರೆಂದು ನೋಡುವುದಿಲ್ಲ, ಹುಡುಗರು ಬಿದ್ದರೆ ಬೀಳಲಿ ಎನ್ನುತ್ತೇನೆ, ನನಗೆ ಕರುಳಿಲ್ಲ. ಎಲ್ಲವನ್ನೂ ನಾನು ಕೇಳಿಕೊಂಡೆ. ಆದರೆ ಇಷ್ಟು ಹೇಳಿದವರು ಕೈಯ ವಿಷಯವನ್ನು ಮಾತ್ರ ಎತ್ತಲೇ ಇಲ್ಲ.

ಅಧ್ಯಕ್ಷರಿಗೆ ಬೇಕಾಗಿದ್ದು ಆ ವಿಷಯವೇ. ಅವರೇ ದಾರಿ ಹಾಕಿಕೊಟ್ಟರು.

"ಉಸ್ತಾದ್ರ, ನೀವು ಸುಮ್ಮ ಹಿಂಗ ಕೈ ಇಟ್ರಿ. ಹೌದಲ್ಲೋ?"

ಉಸ್ತಾದರು ತಮ್ಮ ಅಂಗೈ ನೋಡಿಕೊಂಡರು.

ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿ ನಗುತ್ತ ಹೇಳಿದರು, "ಈ ವಯಸ್ಸಿನ್ಯಾಗ ಅವರ ಕೈಯಾಗ ಏನ ಜೋರ ಉಳದಿರ್ತೈತ್ರಿ ಸಾಹೇಬ್ರ. ಹರೇದ ಹುಡುಗನ್ನ ದಬ್ಬಾಕ ಆಕೈತೇನು? ಹೂವಿನಂಗ ತಾಗಿರಬೇಕು."

ಗೋಡೆಗೆ ನಿಂತಿದ್ದ ಶಿಷ್ಯರಲ್ಲಿ ಯಾರೋ ಒಬ್ಬ ಕೆಮ್ಮಿದ. ಅವರೆಲ್ಲ ಉಸ್ತಾದರ ಮುಖ ನೋಡುತ್ತಿದ್ದರು. ಉಸ್ತಾದರು ಅಧ್ಯಕ್ಷರನ್ನು ನೋಡುತ್ತಿದ್ದರು.

"ಏನಂದ್ರಿ ಸಾವಕಾರ್ರ?"

"ಅಲ್ರಿ, ನಿಮ್ಮ ಒಳ್ಳೇದಕ್ಕ ಹೇಳ್ದೆ. ವಯಸ್ಸಾತಲ್ಲ."

"ಲೇ, ಬಾರಲೇ ಇಲ್ಲಿ," ಎಂದು ಉಸ್ತಾದರು ಓಟಗಾರ ಹುಡುಗನನ್ನು ಕರೆದರು. ಅವನು ಅಳುಕುತ್ತ ಬಂದ. ಅವನನ್ನು ಬಾಗಿಲ ಹೊಸ್ತಿಲಿನ ಹತ್ತಿರ ಮೇಜಿಗೆ ಮುಖ ಮಾಡಿ ನಿಲ್ಲಿಸಿದರು. ಅವನಿಗೆ ಗೊತ್ತಿತ್ತು. ತಾನಾಗಿಯೇ ಬೆನ್ನು ಬಾಗಿಸಿದ. ಉಸ್ತಾದರು ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಹೊಡೆದರು.

ಮೈದಾನದಲ್ಲಿ ಕೇಳಿದ್ದ ಅದೇ ಸದ್ದು. ಹುಡುಗ ಕೋಣೆಯನ್ನು ದಾಟಿ ಹೋಗಿ ಎದೆಯಿಂದ ಮೇಜಿಗೆ ಬಡಿದ. ಮಸಿದೌತಿ ಉರುಳಿ ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಹೆಡ್‌ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದು ನಿಂತರು.

"ಹಿಂಗ ಹೊಡದೇನಿ," ಎಂದರು ಉಸ್ತಾದರು. "ಹೂವಿನಂಗ ಅಲ್ಲ. ಮೊದಲ ದಿನದಿಂದ ಹುಡುಗರಿಗೆ ಹೇಳೇನಿ, ಚೆಂಡು ನೋಡಬ್ಯಾಡ್ರಿ, ನನ್ನ ಕೈ ಬೀಳೂತನಕ ಕಾಲ ಕೀಳಬ್ಯಾಡ್ರಿ ಅಂತ. ನನ್ನ ಕೈ ಬಿದ್ದದ್ದಕ್ಕ ಅವ ಓಡ್ಯಾನ. ಕೇಳ್ರಿ ಅವನ್ನ."

ಹುಡುಗ ಎದೆ ಉಜ್ಜಿಕೊಳ್ಳುತ್ತ, "ಹೌದ್ರಿ," ಎಂದ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಎದ್ದರು. "ಆತು ಬಿಡ್ರಿ ಇನ್ನ. ಕೋಚ್ ಸ್ವತಃ ಹೇಳ್ಯಾರ. ಬಾಯಾರು ಕೊಟ್ಟ ಔಟ್ ಖರೆ ಐತಿ. ಕಪ್ ಬಾದಾಮಿಗೆ ಹೋಗ್ಲಿ." ಹೆಡ್‌ಮಾಸ್ತರರು ಹೌದೆಂದು ತಲೆಯಾಡಿಸಿದರು. ಶಿಷ್ಯರು ತಮ್ಮ ಉಸ್ತಾದರನ್ನೇ ಕೆಂಗಣ್ಣಿನಿಂದ ನೋಡುತ್ತ ಒಬ್ಬೊಬ್ಬರಾಗಿ ಹೊರಗೆ ಹೋದರು. ಜಿಲ್ಲಾ ತಂಡದ ಆಸೆ ಅವರಿಗೆ ಆ ಕೋಣೆಯಲ್ಲಿ ಮುಗಿದಿತ್ತು. ಗೆಲ್ಲಿಸಿಕೊಡಲು ಬಂದ ಮನುಷ್ಯನೇ ಸೋಲಿಸಿಬಿಟ್ಟಿದ್ದ.

ಅಧ್ಯಕ್ಷರು ಅಂಗಿಯ ಮಸಿ ಉಜ್ಜುತ್ತಿದ್ದರು. ಉಜ್ಜಿದಷ್ಟೂ ಅದು ಹರಡುತ್ತಿತ್ತು. ನಾನು ಹೋಗಿ ಮೇಜಿನ ಮುಂದೆ ನಿಂತೆ.

"ಸೋಮವಾರ ಸಾಲಿಗೆ ಬರ್ರಿ," ಎಂದರು ತಲೆ ಎತ್ತದೆ.

"ಕಾಯಂ ಮಾಡೂ ವಿಷಯ?"

"ಸಭಾದಾಗ ಇಡ್ತೇನಿ."

"ತೀರ್ಪು ಖರೆ ಅಂತ ಆತಲ್ರಿ. ಇನ್ನ ಸಭಾದಾಗ ಮಂದಿ ಏನ ಕೇಳ್ತಾರ?"

ಅವರು ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ಉತ್ತರಕ್ಕೆ ಕಾದು ನಿಂತಿದ್ದರು. "ಮಾಡ್ತೇವ್ರಿ, ಮಾಡ್ತೇವಿ," ಎಂದರು ಅಧ್ಯಕ್ಷರು. ಆ ತಿಂಗಳ ಸಭೆಯಲ್ಲಿ ಮಾಡಿದರು. ಕೆರೂರಿನವರಿಗೆ ಅಪ್ಪ ಹೇಳಿ ಕಳಿಸಿದ.

ಆ ದಿನ ಹೊರಗೆ ಬಂದಾಗ ಉಸ್ತಾದರು ಪಡಸಾಲೆಯಲ್ಲಿ ಒಬ್ಬರೇ ನಿಂತಿದ್ದರು. ಶಿಷ್ಯರು ಅವರನ್ನು ಬಿಟ್ಟು ಬಸ್ಸಿಗೆ ಹೋಗಿದ್ದರು. ಏನಾದರೂ ಹೇಳಬೇಕೆಂದು ನಾನು ಹತ್ತಿರ ಹೋದೆ.

"ನಿಮ್ಮಿಂದ ನನ್ನ ನೌಕರಿ ಉಳೀತ್ರಿ," ಎಂದೆ.

"ನಿಮ್ಮ ಸಲುವಾಗಿ ಹೇಳಲಿಲ್ಲ. ನೀವು ಅಂದ್ರ ನನಗ ಈಗೂ ಆಗೂದಿಲ್ಲ."

"ನನಗೂ ನೀವು ಆಗೂದಿಲ್ರಿ."

"ಗೊತ್ತೈತಿ." ಅವರು ರುಮಾಲು ಸರಿಮಾಡಿಕೊಂಡು ಮೆಟ್ಟಿಲಿಳಿದರು. ಕೆಳಗಿನ ಮೆಟ್ಟಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು, "ಆದ್ರ ಅಕ್ಕಾರ, ಅಲ್ಲಿ ಕುಂತಾವ್ರಿಗೆಲ್ಲ ನನ್ನ ಕೈ ಸತ್ತದ್ದು ಬೇಕಾಗಿತ್ತು. ಅದರಾಗ ಇನ್ನೂ ಜೋರ ಐತಿ ಅಂದಾವ್ರು ನೀವೊಬ್ರ."